ಸೊಗಡು, ಒಗರು, ಮುಗ್ಗಲು

ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ನಾವು ಏಳು ಜನ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಎರಡೇ ಬಾಟಲಿ ವೈನು. ಒಬ್ಬೊಬ್ಬರ ಪಾಲಿಗೆ ಇನ್ನೂರು ಮಿಲಿಗಿಂತ ತುಸು ಹೆಚ್ಚು ಬಂದರೆ ಬಂತು. ಮೂರನೆಯದನ್ನು ತೆರೆಯಕೂಡದು ಅನ್ನುವುದು ಮೊದಲ ದಿನವೇ ನಾನು ಹಟ ಹಿಡಿದು ಮಾಡಿಸಿದ ಕಟ್ಟಳೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ತಿನ್ನಲು ಹುರಿದ ಕಡಲೆಬೀಜ, ಸೌತೆಕಾಯಿ, ಯಾರಾದರೂ ಮನೆಯಲ್ಲಿ ಮಾಡಿ ತಂದ ಪಲ್ಯ. ಪಾನದ ಜೊತೆ ನಂಜಿಕೊಳ್ಳುವುದಕ್ಕೆ ಹಳಗನ್ನಡದಲ್ಲಿ ಚಕ್ಕಣ ಅನ್ನುತ್ತಿದ್ದರು. ಹೀಗೆ ಕೂತು ಕುಡಿಯುತ್ತ ಮಾತಾಡುವುದಕ್ಕೆ ಪಾನಗೋಷ್ಠಿ. ಮಹಾಕಾವ್ಯದಲ್ಲಿ ಬರಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಗೋಷ್ಠಿ ಅನ್ನುವ ಪದ ನನಗೆ ಬಹಳ ಇಷ್ಟ. ಅದರಲ್ಲಿ ಕುಡಿತಕ್ಕಿಂತ ಮಾತಿಗೆ ತೂಕ ಹೆಚ್ಚು.

ಆದರೆ ಮಾತು ನಮಗೆ ಸುಲಭವಾಗಿ ಸಿಕ್ಕಿದ್ದಲ್ಲ. ಶುರುವಿನ ಎರಡು ವರ್ಷ ನಾವು ಆಡುತ್ತಿದ್ದದ್ದೆಲ್ಲ ಓದಿದ ಮಾತು. ಗ್ಲಾಸು ಮೂಗಿನ ಹತ್ತಿರ ತಂದ ಕೂಡಲೇ ಒಬ್ಬರು ‘ಬ್ಲಾಕ್‌ಕರಂಟ್’ ಅನ್ನುವುದು, ಇನ್ನೊಬ್ಬರು ‘ಸೀಡರ್’ ಮರ ಅನ್ನುವುದು. ಏಳು ಜನರಲ್ಲಿ ಒಬ್ಬರೂ ಬ್ಲಾಕ್‌ಕರಂಟ್ ಹಣ್ಣನ್ನು ಕೈಯಲ್ಲಿ ಹಿಡಿದವರಲ್ಲ. ಕಾಣದ ಹಣ್ಣಿನ ವಾಸನೆ ಮೂಗಿಗೆ ಬಂತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ತಲೆಯಾಡಿಸುತ್ತಿದ್ದೆವು.

ಅದು ಮುರಿದುಬಿದ್ದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ನಮ್ಮಲ್ಲೊಬ್ಬರ ತಮ್ಮ ಫ್ರಾನ್ಸಿನಿಂದ ಬರುವಾಗ ಬೋರ್ಡೋದ ಒಂದು ಬಾಟಲಿ ತಂದಿದ್ದ. ಹತ್ತು ವರ್ಷ ಹಳೆಯದು. ಅಷ್ಟು ಬೆಲೆಯದನ್ನು ನಾವು ಹಿಂದೆಂದೂ ತೆರೆದಿರಲಿಲ್ಲ. ಬಿರಡೆ ಎಳೆದು, ಎಲ್ಲರಿಗೂ ಎರಡೆರಡು ಗುಟುಕು ಹಾಕಿ, ಮೂಗು ಇಟ್ಟೆವು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ‘ಕಾಂಪ್ಲೆಕ್ಸ್ ಆಗಿದೆ’ ಅಂದರು ಒಬ್ಬರು. ‘ಮಣ್ಣಿನ ಗುಣ ಇದೆ’ ಅಂದರು ಇನ್ನೊಬ್ಬರು. ನಾನೂ ಏನೋ ಒಂದು ಅಂದೆ. ತೀರ್ಥಹಳ್ಳಿಯ ಗೆಳತಿ ಮಾತ್ರ ಗ್ಲಾಸು ಕೆಳಗಿಟ್ಟು, ‘ಮಳೆಗಾಲ ಮುಗಿದ ಮೇಲೆ ಟ್ರಂಕಿನಿಂದ ಸೀರೆ ತೆಗಿತೀವಲ್ಲ, ಥೇಟ್ ಹಂಗಿದೆ ಕಣ್ರೀ. ಇದು ಮುಗ್ಗಲು’ ಅಂದಳು.

ಮುಗ್ಗಲು! ಆ ಪದ ಬಿದ್ದದ್ದೇ ತಡ, ಎಲ್ಲರ ಮೂಗೂ ತೆರೆದ ಹಾಗಾಯಿತು. ಮುಗ್ಗಿದ ಅಕ್ಕಿ, ಒದ್ದೆ ರಟ್ಟು, ನೀರು ಕುಡಿದ ಗೋಡೆ. ಬಾಟಲಿ ಕೆಟ್ಟಿತ್ತು. ವೈನು ಬಲ್ಲವರಿಗೆಲ್ಲ ಗೊತ್ತಿರುವ ದೋಷ ಅದು. ಬಿರಡೆ ಆಗುವ ಮರದ ತೊಗಟೆಯಲ್ಲಿ ಬೂಷ್ಟು ಬೆಳೆದು, ಅದಕ್ಕೆ ಕ್ಲೋರಿನ್ನಿನ ಅಂಶ ಸೇರಿದರೆ ಟ್ರೈಕ್ಲೋರೋಅನಿಸೋಲ್ ಅನ್ನುವ ವಸ್ತು ಹುಟ್ಟುತ್ತದೆ. ಒಂದು ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಸಾಕು, ಮನುಷ್ಯನ ಮೂಗು ಹಿಡಿಯುತ್ತದೆ. ಕುಡಿದರೆ ಆರೋಗ್ಯಕ್ಕೇನೂ ಆಗುವುದಿಲ್ಲ, ಆದರೆ ಹಣ್ಣಿನ ಪರಿಮಳವನ್ನೆಲ್ಲ ನುಂಗಿ ಹಾಕುತ್ತದೆ. ಇದನ್ನೆಲ್ಲ ನಾನು ಓದಿದ್ದೆ, ಗೆರೆ ಎಳೆದು ಗುರುತೂ ಹಾಕಿಕೊಂಡಿದ್ದೆ. ಓದಿದ್ದ ನನಗೆ ಹೊಳೆಯಲಿಲ್ಲ. ಪುಸ್ತಕ ಮುಟ್ಟದ ಗೆಳತಿಗೆ ಹೊಳೆಯಿತು. ಅವಳು ಮಾತನ್ನು ಟ್ರಂಕಿನಿಂದ ತೆಗೆದಿದ್ದಳು, ನಾನು ಪುಟದಿಂದ.

ಬೆಲೆಯ ಬಾಟಲಿಯ ಎದುರು ಕೂತಾಗ ನಾಲಿಗೆ ಹೆದರುತ್ತದೆ. ಬೋರ್ಡೋದಲ್ಲೇ ನಡೆದ ಒಂದು ಪ್ರಯೋಗ ಈ ವಿಷಯದಲ್ಲಿ ಬಹಳ ಪ್ರಸಿದ್ಧ. 2001ರಲ್ಲಿ ಪ್ರಕಟವಾದದ್ದು. ವೈನಿನ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನನ್ನೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಬಣ್ಣಿಸಲು ಆರಿಸಿಕೊಂಡದ್ದು ಕೆಂಪು ವೈನಿಗೆ ಬಳಸುವ ಮಾತುಗಳನ್ನೇ. ಇದನ್ನು ತೋರಿಸಿ ವೈನು ಬಲ್ಲವರೆಲ್ಲ ಸುಳ್ಳುಗಾರರು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಣ್ಣು ಮೊದಲು ಹೇಳಿಬಿಟ್ಟರೆ ಮೂಗು ಅದಕ್ಕೆ ಹೂಂ ಅನ್ನುತ್ತದೆ, ಅಷ್ಟೇ. ಲೇಬಲ್ಲೂ ಹಾಗೇ ಮೊದಲು ಹೇಳಿಬಿಡುತ್ತದೆ, ಬೆಲೆಯೂ ಹೇಳಿಬಿಡುತ್ತದೆ. ಎರವಲು ಮಾತಂತೂ ಎಲ್ಲಕ್ಕಿಂತ ಮೊದಲೇ ಬಾಯಿಗೆ ಬಂದು ಕೂತಿರುತ್ತದೆ.

ಮಾರನೇ ತಿಂಗಳಿಂದ ಬಾಟಲಿಗೆ ಬಟ್ಟೆ ಸುತ್ತಿ ಇಡಲು ಶುರುಮಾಡಿದೆವು. ಜೊತೆಗೆ ಇನ್ನೊಂದು ಕೆಲಸ ಮಾಡಿದೆವು. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಅನ್ನುವ ವಿಜ್ಞಾನಿ ‘ಪರಿಮಳ ಚಕ್ರ’ ಅಂತ ಒಂದನ್ನು ರೂಪಿಸಿದರು. ವೈನಿನಲ್ಲಿ ಬರುವ ವಾಸನೆಗಳನ್ನೆಲ್ಲ ಗುಂಪು ಮಾಡಿ ಚಕ್ರದ ಅರಗಳ ಹಾಗೆ ಜೋಡಿಸಿದ ಪಟ್ಟಿ. ಅವರ ಹಟ ಒಂದೇ: ‘ಸೊಗಸಾಗಿದೆ’, ‘ಘನವಾಗಿದೆ’ ಅನ್ನುವಂಥ ಮಾತು ಬೇಡ, ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಸಿಗುವ ವಸ್ತುವಿನ ಹೆಸರು ಹೇಳಿ. ಸಾಧಾರಣ ವೈನಿಗೆ ಆಯಾ ವಸ್ತುವನ್ನು ಚೂರು ಹಾಕಿಟ್ಟು ಮೂಗನ್ನು ಪಳಗಿಸುವ ಕ್ರಮವನ್ನೂ ಅವರು ಹೇಳಿಕೊಟ್ಟರು. ಅವರ ಚಕ್ರದಲ್ಲಿ ಇರುವುದು ಅವರ ಊರಿನ ಅಡುಗೆಮನೆ. ಸರಿ, ನಮ್ಮ ಅಡುಗೆಮನೆಯಿಂದ ನಾವು ಮಾಡೋಣ ಅಂತ ಹೊರಟೆವು.

ಕಡಿಮೆ ಬೆಲೆಯ ಒಂದು ಬಿಳಿ ವೈನು ತಂದು ಹನ್ನೆರಡು ಸಣ್ಣ ಸ್ಟೀಲ್ ಲೋಟಗಳಿಗೆ ಹಾಕಿದೆವು. ಒಂದಕ್ಕೆ ಕಳಿತ ಏಲಕ್ಕಿ ಬಾಳೆಯ ಚೂರು. ಒಂದಕ್ಕೆ ಸೀಬೆಹಣ್ಣು. ಒಂದಕ್ಕೆ ಚಕ್ಕೋತದ ಸಿಪ್ಪೆ. ನಮ್ಮೂರಿರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ, ಚಕ್ಕೋತಕ್ಕೆ ಹೆಸರಾದ ಜಾಗ, ಭೌಗೋಳಿಕ ಗುರುತಿನ ಮನ್ನಣೆಯೂ ಆ ಹಣ್ಣಿಗಿದೆ. ಒಂದಕ್ಕೆ ಜಜ್ಜಿದ ಕಾಳುಮೆಣಸು, ಒಂದಕ್ಕೆ ದಪ್ಪ ಮೆಣಸಿನಕಾಯಿ, ಒಂದಕ್ಕೆ ಲವಂಗ, ಒಂದಕ್ಕೆ ಹುಣಸೆ, ಒಂದಕ್ಕೆ ಬೆಲ್ಲದ ಪಾಕ. ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮೂಸಿದೆವು.

ಅವತ್ತು ತಿಳಿದದ್ದು ಬಹಳ. ಪುಸ್ತಕಗಳು ಸೊವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನಿನ ಬಗ್ಗೆ ಬರೆಯುವಾಗ ‘ಗ್ರೇಪ್‌ಫ್ರೂಟ್’ ಅನ್ನುತ್ತವಲ್ಲ, ಅದು ನಮ್ಮ ಚಕ್ಕೋತದ ಹತ್ತಿರದ ನೆಂಟ. ಆ ಹಣ್ಣನ್ನು ಅಜ್ಜಿ ಸುಲಿದು ಕೊಡುತ್ತಿದ್ದಾಗ ಕೈಗೆ ಅಂಟುತ್ತಿದ್ದ ಎಣ್ಣೆಯ ಘಮವೇ ಗ್ಲಾಸಿನಲ್ಲಿತ್ತು. ನಲವತ್ತು ವರ್ಷದಿಂದ ಗೊತ್ತಿದ್ದ ವಾಸನೆಯನ್ನು ನಾನು ಪರದೇಶದ್ದು ಅಂದುಕೊಂಡಿದ್ದೆ! ಬೇಗ ಕೊಯ್ದ ಹಣ್ಣಿನ ವೈನಿನಲ್ಲಿ ಬರುವ ದಪ್ಪ ಮೆಣಸಿನಕಾಯಿಯ ವಾಸನೆಗೂ ಹೆಸರು ಹುಡುಕುವ ಕೆಲಸವಿರಲಿಲ್ಲ. ‘ಹಸಿ ವಾಸನೆ ಹೋಗಿಲ್ಲ’ ಅಂದರು ನಮ್ಮ ಗೋಷ್ಠಿಯ ಕುಂದಾಪುರದವರು. ಸಾರು ಕುದಿಸುವಾಗ ನಾವು ದಿನಾ ಆಡುವ ಮಾತು. ಅಷ್ಟು ಕರಾರುವಾಕ್ಕಾದ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಕಾಳುಮೆಣಸಿನ ಲೋಟದ ಹತ್ತಿರ ಒಂದು ವಿಚಿತ್ರ ನಡೆಯಿತು. ಶಿರಾಜ್ ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ ಅನ್ನುವುದು ಬರೀ ಹೋಲಿಕೆಯ ಮಾತಲ್ಲ. ಎರಡರಲ್ಲೂ ಇರುವುದು ಒಂದೇ ವಸ್ತು, ಅದರ ಹೆಸರು ರೊಟಂಡೋನ್. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಪತ್ತೆ ಹಚ್ಚಿದರು. ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಗೊತ್ತೇ ಆಗುವುದಿಲ್ಲ ಎಂಬುದೂ ಆಗ ತಿಳಿದದ್ದು. ಬಟ್ಟೆ ಸುತ್ತಿದ ಶಿರಾಜ್ ಬಂದಾಗ ಆರು ಜನ ‘ಮೆಣಸು’ ಅಂದೆವು. ತಿಕೋಟಾದ ಅಣ್ಣನಿಗೆ ಮಾತ್ರ ಏನೂ ಸಿಗಲಿಲ್ಲ. ‘ನನಗ ಬರವಲ್ದು ನೋಡ್ರಿ’ ಅಂತ ಮತ್ತೆ ಮತ್ತೆ ಮೂಸಿದರು. ಅವರ ಮುಖದಲ್ಲಿ ಒಂಥರಾ ಸಂಕಟ. ಆಮೇಲೆ ರೊಟಂಡೋನ್ ವಿಷಯ ಓದಿ ಹೇಳಿದಾಗ ನಿರಾಳವಾದರು. ಒಂದೇ ಬಾಟಲಿಯಿಂದ ಸುರಿದರೂ ಏಳು ಜನ ಕುಡಿಯುವುದು ಏಳು ವೈನು. ಗೋಷ್ಠಿ ಬೇಕು ಅನ್ನಿಸುವುದು ಇದಕ್ಕೇ. ನನ್ನ ಮೂಗಿಗೆ ಬಾರದ್ದನ್ನು ಪಕ್ಕದವರು ಹೇಳಿದರೆ, ವಾಸನೆ ಸಿಗದಿದ್ದರೂ ಅಲ್ಲೊಂದು ಇದೆ ಅನ್ನುವುದಾದರೂ ಗೊತ್ತಾಗುತ್ತದೆ.

ಇನ್ನು ಒಗರಿನ ವಿಷಯ. ನಾನು ಹೆಚ್ಚು ಹೊತ್ತು ಮಾತಾಡಬೇಕು ಅಂದುಕೊಂಡದ್ದು ಇದರ ಬಗ್ಗೆಯೇ.

ವೈನು ರುಚಿ ನೋಡುವುದನ್ನು ಕಲಿಸುವ ಒಂದು ತರಗತಿಗೆ ಹೋಗಿದ್ದೆ. ಕಲಿಸುವವರು ಟ್ಯಾನಿನ್ ಅಂದರೇನು ಅಂತ ವಿವರಿಸಲು ಬಹಳ ಕಷ್ಟಪಟ್ಟರು. ಅದು ಕಹಿಯಲ್ಲ, ಹುಳಿಯಲ್ಲ, ಬಾಯಿ ಒಣಗಿಸುವ ಅನುಭವ, ಡಿಕಾಕ್ಷನ್ ಜಾಸ್ತಿಯಾದ ಹಾಲಿಲ್ಲದ ಟೀ ಕುಡಿದ ಹಾಗೆ, ಅಂತ ಹತ್ತು ನಿಮಿಷ ಹೇಳಿದರು. ಇಂಗ್ಲಿಷಿನಲ್ಲಿ ಅದಕ್ಕೆ ಶಾಸ್ತ್ರದ ಪದವಿದೆ, ಮಕ್ಕಳ ಬಾಯಲ್ಲಿ ಆಡುವ ಪದವಿಲ್ಲ. ನನ್ನ ಪಕ್ಕ ಕೂತಿದ್ದ, ಕನ್ನಡ ಬಲ್ಲ ಹುಡುಗನೊಬ್ಬ ಮೆಲ್ಲಗೆ ‘ಒಗರು ತಾನೇ?’ ಅಂದ. ಅಷ್ಟೇ. ಮೂರು ಅಕ್ಷರ. ನೇರಳೆಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡ ಯಾವ ಮಗುವಿಗೆ ಅದು ಗೊತ್ತಿಲ್ಲ? ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು ಅಂತ ಆರು ರುಚಿ ಎಣಿಸಿ ಬೆಳೆದವರು ನಾವು. ಪಶ್ಚಿಮದವರ ಮೂಲ ರುಚಿಗಳ ಎಣಿಕೆಯಲ್ಲಿ ಒಗರಿಗೆ ಜಾಗವಿಲ್ಲ. ಅವರ ಪ್ರಕಾರ ಅದು ರುಚಿಯಲ್ಲ, ಸ್ಪರ್ಶ.

ಶರೀರದ ಲೆಕ್ಕದಲ್ಲಿ ಅವರು ಹೇಳುವುದು ಸರಿ. ನಮ್ಮ ಜೊಲ್ಲಿನಲ್ಲಿ ಬಾಯನ್ನು ಜಾರುವಂತೆ ಇಡುವ ಪ್ರೋಟೀನುಗಳಿವೆ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಬರುವ ಟ್ಯಾನಿನ್ ಆ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಜಾರುವ ಗುಣ ಹೋಗಿ, ನಾಲಿಗೆ ಅಂಗುಳಕ್ಕೆ ಉಜ್ಜಿದಾಗ ತರಿತರಿ ಅನ್ನಿಸುತ್ತದೆ. ಟೀಗೆ ಹಾಲು ಹಾಕಿದರೆ ಒಗರು ಇಳಿಯುವುದೂ ಇದರಿಂದಲೇ. ಟ್ಯಾನಿನ್ನು ಹಾಲಿನ ಪ್ರೋಟೀನನ್ನು ಹಿಡಿದುಕೊಂಡು ನಮ್ಮ ಬಾಯನ್ನು ಬಿಟ್ಟುಬಿಡುತ್ತದೆ. ಚರ್ಮ ಹದ ಮಾಡುವುದೂ ಇದೇ ಕೆಲಸ. ನಮ್ಮ ಬಯಲುಸೀಮೆಯಲ್ಲಿ ತಂಗಡಿ ಗಿಡದ ತೊಗಟೆ ಹಾಕಿ ತೊಗಲು ಹದ ಮಾಡುತ್ತಿದ್ದರು. ಟ್ಯಾನಿನ್ ಅನ್ನುವ ಹೆಸರೇ ಚರ್ಮ ಹದ ಮಾಡುವ ಕಸುಬಿನಿಂದ ಬಂದದ್ದು.

ನಮ್ಮ ಗೋಷ್ಠಿಯಲ್ಲಿ ಒಗರಿನ ಮಾತು ಎದ್ದಾಗ ಮನೆಮನೆಯ ಒಗರೂ ಹೊರಬಂತು. ತೀರ್ಥಹಳ್ಳಿಯವಳು ‘ನಮ್ಮಲ್ಲಿ ಚೊಗರು ಅಂತೀವಿ’ ಅಂದಳು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು ಕಪ್ಪು ರಸಕ್ಕೆ ಚೊಗರು ಅಂತಲೇ ಹೆಸರು. ಅದು ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಬಣ್ಣ ಹಾಕಲೂ ಬಳಸುತ್ತಾರೆ. ಕುಂದಾಪುರದವರು ಗೇರುಹಣ್ಣನ್ನು ನೆನೆದರು, ರಸ ಕುಡಿದರೆ ಗಂಟಲೇ ಹಿಡಿದ ಹಾಗಾಗುತ್ತದೆ. ನನಗೆ ಬಾಳೆಕಾಯಿ ಹೆಚ್ಚುವಾಗ ಬೆರಳಿಗೆ ಅಂಟುವ ಸೊನೆ ನೆನಪಾಯಿತು.

ಹೀಗೆ ಹೇಳುತ್ತ ಹೇಳುತ್ತ ಒಗರು ಒಂದೇ ಥರ ಅಲ್ಲ ಅನ್ನುವುದು ಗೊತ್ತಾಯಿತು. ಈಗ ನಮ್ಮ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತೇವೆ. ನೇರಳೆ ಒಗರು ಅಂದರೆ ಸಿಹಿಯ ಬೆನ್ನಿಗೆ ಬಂದು ನಾಲಿಗೆಯ ಮೇಲೆ ತೆಳ್ಳಗೆ ಹರಡಿ ಹೋಗುವಂಥದ್ದು. ಹಣ್ಣಾದ ಸಿಪ್ಪೆಯ ಟ್ಯಾನಿನ್ ಹಾಗಿರುತ್ತದೆ. ಬಾಳೆಕಾಯಿ ಒಗರು ಅಂದರೆ ಒಸಡಿಗೆ ಅಂಟಿ ಬಿಡದೇ ಇರುವುದು. ಹಣ್ಣು ಬಲಿಯುವ ಮುಂಚೆ ಕೊಯ್ದಾಗ, ಇಲ್ಲವೇ ಹಿಂಡುವಾಗ ಬೀಜ ಅರೆದುಹೋದಾಗ ಹೀಗಾಗುತ್ತದೆ ಅನ್ನುವುದು ನಮ್ಮ ಅನುಭವ. ಅಡಿಕೆ ಒಗರು ಗಟ್ಟಿ, ಆದರೆ ಗೌರವಸ್ಥ. ಮರದ ಪೀಪಾಯಿಯಲ್ಲಿ ಬಹಳ ದಿನ ಇದ್ದ ಕಬರ್ನೆ ಸೊವಿನ್ಯೋ ಅನ್ನುವ ಕೆಂಪು ವೈನಿನಲ್ಲಿ ಬರುತ್ತದೆ. ಎಲ್ಲಕ್ಕಿಂತ ಅಪರೂಪ ನೆಲ್ಲಿಕಾಯಿ ಒಗರು: ಮೊದಲು ಬಾಯಿ ಮುದುಡುತ್ತದೆ, ಆಮೇಲೆ ನೀರು ಕುಡಿದರೆ ಸಿಹಿ. ಆ ಅನುಭವ ಕೊಟ್ಟ ಬಾಟಲಿ ಈವರೆಗೆ ಎರಡೇ. ವರ್ಷ ಕಳೆದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಒಗರು ಮೆತ್ತಗಾಗುತ್ತದೆ. ಮಾಗುವುದು ಅಂತ ನಮ್ಮಲ್ಲಿ ಹಣ್ಣಿಗೂ ಮನುಷ್ಯರಿಗೂ ಹೇಳುತ್ತೇವಲ್ಲ, ಅದನ್ನೇ ಬಾಟಲಿಗೂ ಹೇಳಬಹುದು.

ಒಂದು ಮಾತು ಇಲ್ಲಿ ಸೇರಿಸಿಬಿಡುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಕೆಂಪು ವೈನನ್ನು ‘ಕೋಣೆಯ ತಾಪಮಾನ’ದಲ್ಲಿ ಕುಡಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಯೂರೋಪಿನ ಹಳೇ ಮನೆಗಳ ಕೋಣೆ, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಘಾಟು ಇಳಿಯುತ್ತದೆ. ನಾನು ಒಂದು ಒಳ್ಳೆಯ ಬಾಟಲಿಯನ್ನು ಬೇಸಿಗೆಯಿಡೀ ಅಡುಗೆಮನೆಯ ಸಜ್ಜೆಯ ಮೇಲಿಟ್ಟು, ತೆರೆದಾಗ ಬೇಯಿಸಿದ ಹಣ್ಣಿನ ವಾಸನೆ ಬಂದು ಮರುಗಿದ್ದೇನೆ. ಖಾರದ ಊಟಕ್ಕೆ ಒಗರಿನ ವೈನು ಬೇಡ. ಖಾರ ತಿಳಿಸುವ ನರವನ್ನೇ ಮದ್ಯಸಾರವೂ ಕೆರಳಿಸುತ್ತದೆ, ಎರಡೂ ಸೇರಿದರೆ ಬಾಯಿ ಉರಿಯುತ್ತದೆ. ತುಸು ಸಿಹಿ ಇರುವ, ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನು ಒಗ್ಗುತ್ತದೆ. ಜಿಡ್ಡಿರುವ ಮಟನ್ ಸಾರು, ತೆಂಗಿನಕಾಯಿ ಹಾಕಿದ ಕೋಳಿ ಸುಕ್ಕ ಒಗರನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ.

ಈಗ ಸೊಗಡಿನ ಮಾತು. ಇದು ನನ್ನ ಮನೆಯ ಮಾತು.

ಅಪ್ಪ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದರು. ಮುಕ್ಕಾಲು ಎಕರೆ. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಎಳೆದು ಹಾಕಿದ ಚಪ್ಪರ. ಅದರ ಕೆಳಗೆ ಮಧ್ಯಾಹ್ನವೂ ನೆರಳು, ಬಗ್ಗಿಯೇ ನಡೆಯಬೇಕು. ಯೂರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಕತ್ತರಿ ಹಾಕಿ ನಾವೇ ಎಬ್ಬಿಸಬೇಕು, ನಾವೇ ನಿಲ್ಲಿಸಬೇಕು. ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅನ್ನುತ್ತಾರೆ ಅಂತ ತಿಕೋಟಾದ ಅಣ್ಣನಿಂದ ತಿಳಿಯಿತು. ಅಲ್ಲಿ ಎರಡು ಚಾಟ್ನಿಗೆ ಒಂದು ಬೆಳೆ. ನಮ್ಮ ಬೆಂಗಳೂರು ಬ್ಲೂಗೆ ಎರಡು ಸಲ ಕತ್ತರಿ ಹಾಕಿದರೆ ಎರಡೂ ಸಲ ಹಣ್ಣು. ಸಿಪ್ಪೆ ದಪ್ಪ, ಬೀಜ ಇರುತ್ತದೆ, ಒತ್ತಿದರೆ ತಿರುಳು ಪುಳಕ್ ಅಂತ ಬಾಯೊಳಗೆ ಹಾರುತ್ತದೆ. ಆ ವಾಸನೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಹಣ್ಣಿನ ತಳ್ಳುಗಾಡಿ ಬೀದಿಯ ಆ ತುದಿಯಲ್ಲಿದ್ದರೆ ಈ ತುದಿಗೆ ಗೊತ್ತಾಗುತ್ತದೆ.

ವೈನಿನ ಪುಸ್ತಕಗಳು ಈ ವಾಸನೆಯನ್ನು ನರಿಗೆ ಹೋಲಿಸುತ್ತವೆ. ಬೆಂಗಳೂರು ಬ್ಲೂ ಅಪ್ಪಟ ಯೂರೋಪಿನ ತಳಿಯಲ್ಲ, ಅಮೆರಿಕದ ಕಾಡುಬಳ್ಳಿ ಲಾಬ್ರುಸ್ಕಾದ ರಕ್ತ ಬೆರೆತದ್ದು. ಇಸಬೆಲ್ಲಾ ಅನ್ನುವ ತಳಿಯೇ ಇದು ಅಂತ ತಳಿ ಬಲ್ಲವರು ಹೇಳುತ್ತಾರೆ. ಲಾಬ್ರುಸ್ಕಾ ಬಳಗದ ಈ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಅನ್ನುವ ವಸ್ತು. ಫ್ರಾನ್ಸು 1934ರಲ್ಲಿ ಕಾನೂನು ಮಾಡಿ ಇಸಬೆಲ್ಲಾ ಸೇರಿ ಆರು ಅಮೆರಿಕನ್ ಮಿಶ್ರತಳಿಗಳನ್ನು ನಿಷೇಧಿಸಿತು. ಅದೇ ಅಮೆರಿಕದ ಬಳ್ಳಿಗಳ ಬೇರಿಗೆ ಕಸಿ ಕಟ್ಟಿದ್ದರಿಂದಲೇ ಫಿಲಾಕ್ಸೆರಾ ಹೇನಿನ ಬಾಯಿಂದ ಫ್ರಾನ್ಸಿನ ತೋಟಗಳು ಉಳಿದದ್ದು ಅನ್ನುವುದನ್ನೂ ಇಲ್ಲಿ ಹೇಳಲೇಬೇಕು. ಬೇರು ಬೇಕಾಯಿತು, ಹಣ್ಣು ಬೇಡವಾಯಿತು.

ಹೊಸದಾಗಿ ವೈನು ಕಲಿಯುತ್ತಿದ್ದಾಗ ನಾನೂ ಈ ನರಿ ವಾಸನೆಯ ಮಾತನ್ನು ನಂಬಿದ್ದೆ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರ ಕಂಪನಿ 1988ರಲ್ಲಿ ಶುರುವಾಗಿ ಫ್ರಾನ್ಸಿನ ತಳಿಗಳನ್ನು ಬೆಳೆಸಿ, 1992ರಲ್ಲಿ ಮೊದಲ ವೈನು ಹೊರತಂದಿತು. ನಮ್ಮ ತೋಟಕ್ಕೂ ಅವರ ತೋಟಕ್ಕೂ ದೂರ ಹೆಚ್ಚಿಲ್ಲ, ಅದೇ ಕೆಮ್ಮಣ್ಣು, ಅದೇ ಬೆಟ್ಟದ ಗಾಳಿ. ಸಮಭಾಜಕದಿಂದ 13 ಡಿಗ್ರಿಯಲ್ಲಿ ಒಳ್ಳೆಯ ವೈನು ಆಗುವುದೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ ಮಾಡಿ ತೋರಿಸಿದ ಕೆಲಸ ಅದು, ದೊಡ್ಡದು. ಆದರೆ ಆ ವೈನನ್ನು ಕಲಿತ ಮೇಲೆ ನಮ್ಮ ಹಣ್ಣಿನ ಬಗ್ಗೆ ನನಗೆ ನಾಚಿಕೆಯಾಗತೊಡಗಿತು. ಅಪ್ಪ ಬೆಳೆದದ್ದು ತಿನ್ನುವ ಹಣ್ಣು, ಜ್ಯೂಸಿನ ಹಣ್ಣು, ಗೋವಾದ ಸಿಹಿ ಪೋರ್ಟ್ ವೈನಿಗೆ ಹೋಗುವ ಹಣ್ಣು ಅಂತ ಗೆಳೆಯರ ಮುಂದೆ ನಾನೇ ಹೇಳಿದ್ದೇನೆ. ಆ ಮಾತು ಈಗಲೂ ಚುಚ್ಚುತ್ತದೆ.

ಅದನ್ನು ತಿದ್ದಿದ್ದು ಅವರೆಕಾಯಿ. ಒಂದು ಡಿಸೆಂಬರ್‌ನಲ್ಲಿ ಗೋಷ್ಠಿ ನಮ್ಮ ಮನೆಯಲ್ಲಿತ್ತು. ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು. ಒಳಗೆ ಬಂದ ಪ್ರತಿಯೊಬ್ಬರೂ ಬಾಗಿಲಲ್ಲೇ ನಿಂತು ‘ಆಹಾ, ಏನ್ ಸೊಗಡು!’ ಅಂದರು. ಅವರೆಕಾಯಿ ಕೊಳ್ಳುವಾಗ ನಾವು ಮೂಸಿ ನೋಡುವುದು ಆ ಸೊಗಡನ್ನೇ. ಕೈಗೆ ಎಣ್ಣೆಯ ಹಾಗೆ ಅಂಟಿ ಸಂಜೆವರೆಗೂ ಹೋಗದ ಆ ಘಾಟು ಇಲ್ಲದಿದ್ದರೆ ಕಾಯಿ ಬೇಡ ಅಂತ ಬಿಟ್ಟು ಮುಂದೆ ಹೋಗುತ್ತೇವೆ. ಅದನ್ನು ಅರಿಯದ ಊರಿನವರು ಬಂದು ಮೂಸಿದರೆ ಏನೋ ಕೆಟ್ಟಿದೆ ಅಂದಾರು. ಸೊಗಡು ಅನ್ನುವ ಪದದಲ್ಲಿ ಎರಡೂ ಇದೆ, ಮೂಗು ಸಿಂಡರಿಸುವ ಕಟುವಾಸನೆಯೂ, ಇದು ಇಲ್ಲಿಯದೇ ಅಂತ ಗುರುತು ಹಿಡಿಸುವ ಸತ್ವವೂ. ಭಾಷೆಗೂ ಸೊಗಡು ಅನ್ನುತ್ತೇವೆ, ಮಣ್ಣಿಗೂ ಅನ್ನುತ್ತೇವೆ.

ಆ ರಾತ್ರಿ ನನಗೆ ಅನ್ನಿಸಿತು, ಬೆಂಗಳೂರು ಬ್ಲೂನದು ನರಿ ವಾಸನೆಯಲ್ಲ, ಸೊಗಡು. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ. ಅದರಿಂದ ಮಾಡಿದ ವೈನುಗಳಲ್ಲಿ ಹೆಚ್ಚಿನವು ಸಕ್ಕರೆಯಲ್ಲಿ ಮುಳುಗಿ ಹೋಗಿರುತ್ತವೆ, ಅವನ್ನು ಒಳ್ಳೆಯದು ಅನ್ನಲಾರೆ. ಕಬರ್ನೆಯ ಆಳ ಅದಕ್ಕಿಲ್ಲ, ಒಗರೂ ಕಡಿಮೆ. ಆದರೆ ಅದರ ಘಮವನ್ನು ದೋಷ ಅಂತ ಮೊದಲೇ ಬರೆದಿಟ್ಟುಕೊಂಡು ಮೂಸಿದರೆ ದೋಷವೇ ಕಾಣುತ್ತದೆ. ಸೊಗಡು ಅಂತ ಕರೆದು ಮೂಸಿದರೆ, ಎಷ್ಟಿದೆ, ಹಸಿಯೋ ಮಾಗಿದ್ದೋ, ಹುಳಿಯ ಜೊತೆ ಹೊಂದುತ್ತದೋ ಇಲ್ಲವೋ ಅಂತ ಕೇಳಲು ದಾರಿಯಾಗುತ್ತದೆ. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಅದನ್ನು ಹುಳಿ ಉಳಿಸಿ, ಸಿಹಿ ಬಿಡಿಸಿ, ಶ್ರದ್ಧೆಯಿಂದ ಮಾಡಿ ನೋಡುವವರು ಹೆಚ್ಚಬೇಕು ಅನ್ನುವುದು ನನ್ನ ಬಲವಾದ ಆಸೆ.

ಮೂರನೇ ಬಾಟಲಿ ಬೇಡ ಅಂತ ಹಟ ಹಿಡಿದದ್ದರ ಕಾರಣ ಹೇಳುತ್ತೇನೆ ಅಂದಿದ್ದೆ. ನನ್ನ ಸೋದರಮಾವ ಪ್ಯಾಕೆಟ್ ಸಾರಾಯಿಗೆ ಹೋದರು. ನಲವತ್ತೊಂದು ವಯಸ್ಸು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಮಾವ ಅದಕ್ಕೂ ಒಂಬತ್ತು ವರ್ಷ ಮೊದಲೇ ಹೋಗಿದ್ದರು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದು ಮದ್ಯ ಹೋಯಿತು, ಇನ್ನೊಂದಕ್ಕೆ ದ್ರಾಕ್ಷಾರಸ ಅನ್ನುವ ಚೆಂದದ ಹೆಸರು ಬಂತು. ಅಮ್ಮನಿಗೆ ಈ ಹೆಸರಿನ ವ್ಯತ್ಯಾಸ ಯಾವತ್ತೂ ಒಪ್ಪಿಗೆಯಾಗಿಲ್ಲ. ‘ಕುಡಿಯೋದು ಕುಡಿಯೋದೇ’ ಅನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ, ಅದಕ್ಕೇ ಆ ಕಟ್ಟಳೆ. ಗ್ಲಾಸಿನಲ್ಲಿ ಮಾತು ನಿಂತುಹೋಗುವಷ್ಟು ಕುಡಿದರೆ ಅದು ನನಗೆ ಗೋಷ್ಠಿಯಲ್ಲ.

ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಹೋದಾಗ ಬೆಂಗಳೂರು ಬ್ಲೂ ಹಣ್ಣಿನ ಒಂದು ಬಾಟಲಿ ಜೊತೆಗಿತ್ತು. ತೋಟ ಈಗಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲೂ ಲೇಔಟು ಎದ್ದು, ಅಪ್ಪ ತೀರಿಕೊಂಡ ವರ್ಷವೇ ಬಳ್ಳಿ ಕಿತ್ತೆವು. ಕಲ್ಲುಕಂಬಗಳು ಹಿತ್ತಲಿನ ಬೇಲಿಗಿವೆ. ರಾತ್ರಿ ಊಟವಾದ ಮೇಲೆ ಅಡುಗೆಮನೆ ಕಟ್ಟೆಯ ಮೇಲೆ ಗ್ಲಾಸಿಟ್ಟುಕೊಂಡು ನಾನು ಏನೋ ಬರೆದುಕೊಳ್ಳುತ್ತಿದ್ದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಳು.

‘ಏನೇ ಅದು, ಪರೀಕ್ಷೆಗೆ ಓದೋ ಥರ ಬರಕೊಂತಿದೀಯಾ?’

‘ವಾಸನೆ ಬರೀತಿದೀನಮ್ಮ. ಏನಂತ ಗೊತ್ತಾಗ್ತಿಲ್ಲ. ನಮ್ಮ ದ್ರಾಕ್ಷಿದೇ ಇದು.’

ಅವಳು ಕೈ ಸೆರಗಿಗೆ ಒರೆಸಿಕೊಂಡಳು. ಬೇಡ ಅನ್ನುತ್ತಾಳೆ ಅಂದುಕೊಂಡೆ. ಗ್ಲಾಸಿನ ಕಾಲು ಹಿಡಿಯಲು ಬಾರದೆ ಎರಡೂ ಅಂಗೈಯಲ್ಲಿ ಹಿಡಿದು, ಬಾಯಿಗೆ ತಾಗದ ಹಾಗೆ ದೂರದಿಂದ ಮೂಸಿದಳು. ಮತ್ತೊಮ್ಮೆ ಮೂಸಿದಳು.

‘ಬುಟ್ಟಿ ತಳ’ ಅಂದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಗ ಪ್ಲಾಸ್ಟಿಕ್ ಕ್ರೇಟು ಬಂದಿರಲಿಲ್ಲ. ಬಿದಿರು ಬುಟ್ಟಿಗೆ ಹಳೇ ಪೇಪರು ಹಾಸಿ ಹಣ್ಣು ತುಂಬಿ ರಾತ್ರಿ ಟೆಂಪೋಗೆ ಹೇರುತ್ತಿದ್ದರು. ಬೆಳಗ್ಗೆ ಖಾಲಿ ಬುಟ್ಟಿ ವಾಪಸ್ಸು ಬಂದಾಗ, ತಳದಲ್ಲಿ ಅಪ್ಪಚ್ಚಿಯಾದ ನಾಲ್ಕು ಕಾಳು, ರಸ ಕುಡಿದು ನೇರಳೆ ಬಣ್ಣಕ್ಕೆ ತಿರುಗಿದ ಪೇಪರು, ಅದರ ಮೇಲೆ ನೊಣ. ಸಿಹಿ, ಹುಳಿಯಾಗಲು ಹೊರಟ ಸಿಹಿ, ಒದ್ದೆ ಬಿದಿರು. ಆ ಬುಟ್ಟಿಗಳನ್ನು ತೊಟ್ಟಿ ಹತ್ತಿರ ಕೂತು ತೊಳೆಯುತ್ತಿದ್ದದ್ದು ಅಮ್ಮ. ಪುಸ್ತಕದಲ್ಲಿ ಬರೆದಿದ್ದನ್ನೆಲ್ಲ ಹೊಡೆದುಹಾಕಿ ‘ಬುಟ್ಟಿ ತಳ’ ಅಂತ ಬರೆದೆ.

‘ಈ ಬಾಟ್ಲಿಗೆ ಎಷ್ಟು ಹಣ್ಣು ಹಿಡೀತದೆ?’

‘ಒಂದು ಕೆ.ಜಿ., ಸ್ವಲ್ಪ ಮೇಲೆ.’

‘ಅಷ್ಟೇನಾ?’ ಬಾಟಲಿ ತಿರುಗಿಸಿ ಬೆಲೆ ಹುಡುಕಿದಳು. ಕನ್ನಡಕ ಇರಲಿಲ್ಲ, ನಾನೇ ಓದಿ ಹೇಳಿದೆ. ‘ನಿಮ್ಮಪ್ಪ ಒಂದು ವರ್ಷ ಕೆ.ಜಿ. ಎಂಟು ರೂಪಾಯಿಗೆ ಕೊಟ್ಟು ಬಂದಿದ್ರು. ಎಂಟು ರೂಪಾಯಿ. ಅವತ್ತು ಉಣ್ಣಲಿಲ್ಲ’ ಅಂದಳು.

ಆಮೇಲೆ ಗ್ಲಾಸು ನನ್ನ ಕಡೆ ತಳ್ಳಿ, ಇನ್ನುಳಿದ ಪಾತ್ರೆಗೆ ಕೈ ಹಾಕಿದಳು.